ಮೂರೆಲೆಯ ಕ್ಲೋವರ್

ಮೆಂತ್ಯದ ಸೊಪ್ಪನ್ನು ಬಿಡಿಸಿದವರೆಲ್ಲರೂ ಅದರ ಎಲೆಯ ರಚನೆಯನ್ನು ಬಲ್ಲರು. ಒಂದು ತೊಟ್ಟು, ಅದರ ತುದಿಯಲ್ಲಿ ಮೂರು ಕಿರಿಯ ಎಲೆಗಳು. ಯುರೋಪಿನ ಹುಲ್ಲುಗಾವಲುಗಳಲ್ಲಿ ಇಂತಹವೇ ಎಲೆಗಳನ್ನು ಹೊತ್ತು ಬೆಳೆಯುವ ಕ್ಲೋವರ್ ಎಂಬ ಗಿಡವುಂಟು. ಸಸ್ಯವಿಜ್ಞಾನಿಗಳು ಈ ಜಾತಿಗೆ ಟ್ರೈಫೋಲಿಯಮ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ‘ಮೂರೆಲೆ’ ಎಂದೇ ಅರ್ಥ. ನಮ್ಮ ಮೆಂತ್ಯ ಈ ಕ್ಲೋವರಿನ ಹತ್ತಿರದ ಬಂಧು. ಹಾಗೆಂದು ಮೂರೆಲೆಯುಳ್ಳದ್ದೆಲ್ಲ ಕ್ಲೋವರ್ ಅಲ್ಲ. ಅಂಗಳದಲ್ಲಿ ತಾನಾಗಿ ಹುಟ್ಟುವ, ಅಗಿದರೆ ಹುಳಿಯಾಗಿರುವ ಪುಲ್ಲಂಪುರಚಿ ಸೊಪ್ಪಿಗೂ ಮೂರೆಲೆಗಳಿವೆ. ಆದರೆ ಅದರ ಕುಟುಂಬವೇ ಬೇರೆ. ನಂಟನ್ನು ನಿರ್ಣಯಿಸಲು ಎಲೆಯೊಂದೇ ಸಾಲದು. ಹೂವನ್ನೂ ಕಾಯನ್ನೂ ನೋಡಬೇಕು.

ಕ್ಲೋವರಿನ ಹೂವು ದೂರದಿಂದ ಪುಟ್ಟ ಚೆಂಡಿನಂತೆ ಕಾಣುತ್ತದೆ. ಬಿಡಿಸಿ ನೋಡಿದರೆ ಅದು ಹಲವು ಕಿರುಹೂಗಳ ಗೊಂಚಲು. ಪ್ರತಿಯೊಂದು ಕಿರುಹೂವಿನಲ್ಲಿಯೂ ಮೇಲಕ್ಕೆ ನಿಂತ ಅಗಲವಾದ ದಳ ಒಂದು, ಇಕ್ಕೆಲಗಳಲ್ಲಿ ರೆಕ್ಕೆಯಂತಹ ದಳಗಳು ಎರಡು, ಕೆಳಗೆ ಕೂಡಿಕೊಂಡು ದೋಣಿಯ ಆಕಾರ ತಳೆದ ದಳಗಳು ಎರಡು. ಅವರೆಯ ಹೂವನ್ನೂ ತೊಗರಿಯ ಹೂವನ್ನೂ ಕಂಡವರಿಗೆ ಇದು ಹೊಸದಲ್ಲ. ಕಾಯಿ ಮಾತ್ರ ಬಲು ಚಿಕ್ಕದು. ಕೆಲವೇ ಬೀಜಗಳನ್ನು ಹೊತ್ತು ಬಾಡಿದ ಹೂವಿನೊಳಗೆ ಅಡಗಿರುತ್ತದೆ. ಆದರೂ ಅದು ಅವರೆಕಾಯಿಯ ವರ್ಗದ ಕಾಯಿಯೇ. ಇಂತಹ ಕಾಯಿ ಬಿಡುವ ಗಿಡಮರಗಳ ಕುಟುಂಬಕ್ಕೆ ಫೇಬೇಸೀ ಅಥವಾ ಲೆಗ್ಯೂಮ್ ಕುಟುಂಬವೆಂದು ಹೆಸರು. ಇದರಲ್ಲಿ ಸುಮಾರು 19,500 ಪ್ರಭೇದಗಳಿವೆ. ಹುರುಳಿ, ಕಡಲೆ, ನೆಲಗಡಲೆಗಳಲ್ಲದೆ ಹೊಂಗೆ, ಹುಣಸೆ, ಕಕ್ಕೆ, ಜಾಲಿಗಳೂ, ಮುಟ್ಟಿದರೆ ಮುನಿಯೂ ಈ ಮನೆಯವೇ.

ಕ್ಲೋವರಿನಲ್ಲಿಯೇ ಸುಮಾರು 250 ಪ್ರಭೇದಗಳುಂಟು. ಬಿಳಿಯ ಕ್ಲೋವರ್ ನೆಲದ ಮೇಲೆ ಹರಿದು, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಕುರಿಗಳು ಎಷ್ಟು ಮೇದರೂ ಮತ್ತೆ ಚಿಗುರುತ್ತದೆ. ಕೆಂಪು ಕ್ಲೋವರ್ ನೆಟ್ಟಗೆ ಬೆಳೆಯುವುದರಿಂದ ಕೊಯ್ದು ಒಣಮೇವು ಮಾಡಲು ಅನುಕೂಲ. ಈಜಿಪ್ಟಿನಿಂದ ಬಂದ ಬರ್ಸೀಮ್ ಎಂಬ ಕ್ಲೋವರ್ ಪಂಜಾಬ್, ಹರಿಯಾಣಗಳಲ್ಲಿ ಚಳಿಗಾಲದ ಮುಖ್ಯ ಹಸಿಮೇವು. ಇನ್ನೊಂದು ಪ್ರಭೇದ ನಮ್ಮ ನೆಲಗಡಲೆಯಂತೆ ತನ್ನ ಬೀಜಗಳನ್ನು ತಾನೇ ಮಣ್ಣಿನಲ್ಲಿ ಹೂತಿಡುತ್ತದೆ. ಮೆಡಿಟರೇನಿಯನ್ ತೀರದ ಈ ಗಿಡ ದಕ್ಷಿಣ ಆಸ್ಟ್ರೇಲಿಯದ ಹುಲ್ಲುಗಾವಲುಗಳಲ್ಲೆಲ್ಲ ಹಬ್ಬಿದೆ. ‘ಸಿಹಿ ಕ್ಲೋವರ್’ ಎಂಬುದು ಹೆಸರಿಗೆ ಮಾತ್ರ ಕ್ಲೋವರ್. ಅದು ಬೇರೊಂದು ಜಾತಿ.

ಈ ಸಣ್ಣ ಗಿಡ ಯುರೋಪಿನ ಬೇಸಾಯವನ್ನೇ ಬದಲಾಯಿಸಿತು. ಹಿಂದೆ ಅಲ್ಲಿಯ ರೈತರು ನೆಲದ ಸಾರ ಕುಂದದಿರಲೆಂದು ಎರಡು ಮೂರು ವರ್ಷಗಳಿಗೊಮ್ಮೆ ಹೊಲವನ್ನು ಬೀಳುಬಿಡುತ್ತಿದ್ದರು. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತದಲ್ಲಿ ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಎಂಬ ನಾಲ್ಕು ವರ್ಷಗಳ ಸರದಿ ರೂಢಿಗೆ ಬಂದಿತು. ಬೀಳುಬಿಡುವುದು ತಪ್ಪಿತು, ದನಗಳಿಗೆ ಮೇವು ಸಿಕ್ಕಿತು, ಕ್ಲೋವರಿನ ಮೇಲೆ ಬಿತ್ತಿದ ಗೋಧಿ ಹುಲುಸಾಗಿ ಬೆಳೆಯಿತು.

ಇದರ ಕಾರಣ ರೈತನಿಗಾಗಲಿ ಪಂಡಿತನಿಗಾಗಲಿ ಆಗ ತಿಳಿದಿರಲಿಲ್ಲ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಎಂಬ ವಿಜ್ಞಾನಿ, ಈ ಕುಟುಂಬದ ಗಿಡಗಳು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಎಂದು ಸಾರಿದನು. ಗಿಡ ಸಕ್ಕರೆಯನ್ನು ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕವನ್ನು ಕೊಡುತ್ತದೆ. ಹುರುಳಿಯ ಗಿಡವೊಂದನ್ನು ಮೆಲ್ಲನೆ ಕಿತ್ತು ಬೇರಿನ ಗಂಟನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆಯೆಂದು ತಿಳಿಯಬೇಕು. ಆ ಕೆಂಪು ನಮ್ಮ ರಕ್ತದ ಕೆಂಪಿಗೆ ಸಮೀಪದ ವಸ್ತುವಿನದು. ಎಲ್ಲ ಗಿಡಕ್ಕೂ ಒಂದೇ ಬ್ಯಾಕ್ಟೀರಿಯಾ ಒಗ್ಗುವುದಿಲ್ಲ. ಕ್ಲೋವರಿಗೆ ಒಗ್ಗುವುದು ಬಂಧುವಾದ ಮೆಂತ್ಯಕ್ಕೆ ಒಗ್ಗದು. ಹುಣಸೆ, ಕಕ್ಕೆಗಳಲ್ಲಿಯಂತೂ ಗಂಟುಗಳೇ ಮೂಡುವುದಿಲ್ಲ.

ಕ್ಲೋವರ್ ನೆಲಕ್ಕೆ ಸಾರಜನಕವನ್ನು ದಾನ ಮಾಡುತ್ತದೆ ಎಂದು ಬರೆಯುವುದು ವಾಡಿಕೆ. ನನಗೆ ಆ ಮಾತು ಅಷ್ಟು ಸರಿಯೆನಿಸದು. ಸಾರಜನಕ ಮೊದಲು ಸೇರುವುದು ಗಿಡದ ಮೈಯನ್ನು. ಬೇರು, ಎಲೆಗಳು ಕೊಳೆತರೆ ಅಥವಾ ಮೇದ ದನದ ಸಗಣಿ ಹೊಲಕ್ಕೇ ಬಿದ್ದರೆ ಮಾತ್ರ ಅದರ ಬಹುಪಾಲು ಮಣ್ಣಿಗೆ ಬರುತ್ತದೆ. ಬೇರುಸಹಿತ ಕಿತ್ತು ಮಾರಿಬಿಟ್ಟರೆ ನೆಲಕ್ಕೆ ಉಳಿಯುವುದು ಅಲ್ಪ. ರಾಗಿಯ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ ಹಾಕುವ ನಮ್ಮ ರೈತರಿಗೂ ಈ ಮಾತು ಅನ್ವಯಿಸುತ್ತದೆ.

ಕ್ಲೋವರಿಗೆ ಬೇರಿನಲ್ಲಿ ಒಬ್ಬ ಸಹಾಯಕನಿರುವಂತೆ ಹೂವಿನಲ್ಲಿಯೂ ಒಬ್ಬನುಂಟು. ಕೆಂಪು ಕ್ಲೋವರಿನ ಹೂನಳಿಕೆ ಆಳವಾದುದು. ಅದರ ಮಕರಂದ ಸುಲಭವಾಗಿ ದಕ್ಕುವುದು ಉದ್ದ ನಾಲಗೆಯ, ರೋಮಭರಿತವಾದ ಬಂಬಲ್‌ಬೀ ಎಂಬ ದುಂಬಿಗೆ. ಚಾರ್ಲ್ಸ್ ಡಾರ್ವಿನ್ ಇದನ್ನು ಪರೀಕ್ಷಿಸಿದನು. ದುಂಬಿಗಳಿಗೆ ತೆರೆದಿದ್ದ 100 ಗೊಂಚಲುಗಳು 2,700 ಬೀಜಗಳನ್ನು ಕೊಟ್ಟವು; ಅವು ಮುಟ್ಟದಂತೆ ಮುಚ್ಚಿಟ್ಟ 100 ಗೊಂಚಲುಗಳಲ್ಲಿ ಒಂದು ಬೀಜವೂ ಕಟ್ಟಲಿಲ್ಲ. ನ್ಯೂಜಿಲೆಂಡಿಗೆ ವಲಸೆ ಹೋದ ಆಂಗ್ಲರು ಅಲ್ಲಿ ಕೆಂಪು ಕ್ಲೋವರ್ ಬಿತ್ತಿದಾಗ ಇದೇ ತೊಡಕನ್ನು ಎದುರಿಸಿದರು. ಗಿಡ ಚೆನ್ನಾಗಿ ಬೆಳೆಯಿತು, ಬೀಜ ಮಾತ್ರ ಸರಿಯಾಗಿ ಕಟ್ಟಲಿಲ್ಲ. ಕೊನೆಗೆ 1885ರಲ್ಲಿ ಇಂಗ್ಲೆಂಡಿನಿಂದ ದುಂಬಿಗಳನ್ನೇ ಹಡಗಿನಲ್ಲಿ ತರಿಸಿ ಬಿಟ್ಟರು. ಅವು ಅಲ್ಲಿ ನೆಲೆನಿಂತವು.

ಮುಂದೆ 20ನೆಯ ಶತಮಾನದಲ್ಲಿ ಕಾರ್ಖಾನೆಯ ಸಾರಜನಕ ಗೊಬ್ಬರ ಅಗ್ಗವಾಯಿತು. ಇಂಗ್ಲೆಂಡಿನ ರೈತನಿಗೆ ಕ್ಲೋವರಿನ ಹಂಗು ಕಡಿಮೆಯಾಯಿತು. ಹೂ ತುಂಬಿದ ಹಳೆಯ ಹುಲ್ಲುಗಾವಲುಗಳು ನೇಗಿಲಿಗೆ ಸಿಕ್ಕವು. ಆ ಹೂಗಳನ್ನು ನಂಬಿದ್ದ ಗಿಡ್ಡರೋಮದ ದುಂಬಿಯೊಂದು 1988ರಲ್ಲಿ ಅಲ್ಲಿ ಕಡೆಯದಾಗಿ ಕಾಣಿಸಿಕೊಂಡಿತು. 2000ದಲ್ಲಿ ಅದು ಆ ದೇಶದಿಂದ ಅಳಿದುಹೋಯಿತೆಂದು ಸಾರಲಾಯಿತು. ಹಿಂದೆ ಹಡಗಿನಲ್ಲಿ ಹೋದ ಅದರ ಬಳಗದವು ನ್ಯೂಜಿಲೆಂಡಿನಲ್ಲಿ ಇಂದಿಗೂ ಬದುಕಿವೆ.