ಕಟ್ಟಡದ ಮುಖ ಓದುವ ಕಸುಬು

ಪುಣೆಯ ಯೆರವಡಾದಲ್ಲಿರುವ ಆಗಾ ಖಾನ್ ಅರಮನೆಯ ತಿಳಿಬಣ್ಣದ ಗೋಡೆಯನ್ನು ಚೌಕಟ್ಟಿನ ತುಂಬ ಹಿಡಿದು ಮೊದಲ ಚಿತ್ರ ತೆಗೆದ ವಿದ್ಯಾರ್ಥಿಗೆ ನಿರಾಸೆ ಕಾದಿರುತ್ತದೆ. ಕಣ್ಣಿಗೆ ಬೆಳ್ಳಗೆ ಹೊಳೆದದ್ದು ಚಿತ್ರದಲ್ಲಿ ಮಾಸಿದ ಪಂಚೆಯಂತೆ ಕಾಣುತ್ತದೆ. ಅದೇ ಯೆರವಡಾದ ಡೆಕ್ಕನ್ ಕಾಲೇಜಿಗೆ ಹೋದರೆ ತಪ್ಪು ತಿರುಗುಮುರುಗಾಗುತ್ತದೆ: ಕಪ್ಪುಗಲ್ಲಿನ ಗೋಡೆ ಬೂದಿ ಬಳಿದುಕೊಂಡಂತೆ ಬಿಳಿಚಿಕೊಳ್ಳುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗೆ ಏನಿದ್ದರೂ ಅದನ್ನು ನಡುವಣ ಬೂದುಬಣ್ಣವೆಂದೇ ಎಣಿಸುತ್ತದೆ. ಹಾಗಾಗಿ ಅರಮನೆಗೆ ಸುಮಾರು ಒಂದು ಸ್ಟಾಪ್ (ಎಂದರೆ ಇಮ್ಮಡಿ) ಬೆಳಕು ಹೆಚ್ಚಿಸಬೇಕು, ಕಾಲೇಜಿಗೆ ಒಂದು ಸ್ಟಾಪ್ ಇಳಿಸಬೇಕು. ವಾಸ್ತುಶಿಲ್ಪ ಛಾಯಾಗ್ರಹಣದ ಮೊದಲ ಪಾಠಕ್ಕೆ ಇಷ್ಟು ಹತ್ತಿರದಲ್ಲಿ ಇಂಥ ಜೋಡಿ ಸಿಗುವುದು ಅಪರೂಪ.

ಎರಡನೆಯ ಪಾಠ ಗೆರೆಗಳದು. ಎತ್ತರದ ಕಟ್ಟಡ ಪೂರ್ತಿ ಹಿಡಿಸಲೆಂದು ಕ್ಯಾಮೆರಾ ಮೇಲೆತ್ತಿದರೆ ಗೋಡೆಗಳು ತುದಿಯಲ್ಲಿ ಒಂದಕ್ಕೊಂದು ವಾಲಿ, ಕಟ್ಟಡ ಹಿಂದಕ್ಕೆ ಬೀಳುವಂತೆ ತೋರುತ್ತದೆ. ಕ್ಯಾಮೆರಾ ಎತ್ತದೆ ಮೇಲಕ್ಕೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಇದ್ದರೆ ಸರಿಪಡಿಸಬಹುದು, ಅದು ದುಬಾರಿ. ಇಲ್ಲದವರು ಹಿಂದೆ ಹಿಂದೆ ನಡೆದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸುತ್ತಾರೆ.

ಡೆಕ್ಕನ್ ಕಾಲೇಜಿನ ಗಾಥಿಕ್ ಕಟ್ಟಡ 1860ರ ದಶಕದ್ದು. ವಿನ್ಯಾಸ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ಅವರದು. ತಿಲಕರು ಓದಿದ್ದು ಇಲ್ಲಿಯೇ. ಈ ಕಲ್ಲಿಗೆ ನಡುಮಧ್ಯಾಹ್ನದ ಬಿಸಿಲು ಆಗಿಬರುವುದಿಲ್ಲ. ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ ಉಳಿಯ ಏಟು ಬಿದ್ದ ಒಂದೊಂದು ಗುಳಿಗೂ ನೆರಳು ಕೂಡುತ್ತದೆ, ಕಲ್ಲು ಕಲ್ಲಾಗುತ್ತದೆ.

ಅರಮನೆಯ ಪಾಠ ಇದಕ್ಕಿಂತ ಕಠಿಣ. ಸುತ್ತಲಿನವರು ಬರದಿಂದ ಕಂಗೆಟ್ಟಿದ್ದಾಗ ಅವರಿಗೆ ಕೂಲಿ ಸಿಗಲೆಂದು ಮೂರನೆಯ ಆಗಾ ಖಾನರು 1892ರಲ್ಲಿ ಇದನ್ನು ಕಟ್ಟಿಸಿದರು. ಐವತ್ತು ವರ್ಷಗಳ ಬಳಿಕ, 1942ರ ಆಗಸ್ಟಿನಲ್ಲಿ, ಇದೇ ಗಾಂಧೀಜಿ ಮತ್ತು ಅವರ ಸಂಗಡಿಗರಿಗೆ ಸೆರೆಮನೆಯಾಯಿತು. ಬಂಧನದ ಮೊದಲ ವಾರದಲ್ಲೇ, ಆಗಸ್ಟ್ 15ರಂದು, ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. 1943ರಲ್ಲಿ ಗಾಂಧೀಜಿ 21 ದಿನ ಉಪವಾಸ ಮಾಡಿದ್ದು ಇಲ್ಲಿ. 1944ರ ಫೆಬ್ರವರಿ 22ರಂದು ಕಸ್ತೂರಬಾ ಕಣ್ಣು ಮುಚ್ಚಿದ್ದೂ ಇಲ್ಲಿ. ಹುಲ್ಲುಹಾಸಿನಿಂದ ತೆಗೆದ ಅಗಲ ಚಿತ್ರದಲ್ಲಿ ಇದೊಂದೂ ಬರುವುದಿಲ್ಲ. ಅಲ್ಲಿರುವುದು ಸಿರಿವಂತರ ಬಂಗಲೆ. ನನಗೆ ಸರಿಯೆನಿಸುವುದು ಒಳಗಿನಿಂದ ಹೊರಗೆ ನೋಡುವ ಕೋನ. ಮೊಗಸಾಲೆಯ ನೆರಳಿನಲ್ಲಿ ನಿಂತು, ಹೊರಗಿನ ತೋಟದ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿದರೆ ಕಮಾನುಗಳು ಕಪ್ಪಾಗಿ ಉಳಿಯುತ್ತವೆ. ಆಗ ಅಂದವಾದ ಅದೇ ಕಮಾನು ತಡೆಯಾಗಿ ಕಾಣತೊಡಗುತ್ತದೆ.

ಸ್ಥಳವನ್ನು ಹೀಗೆ ಕಾದು ನೋಡುವ ಹಟ ನಮ್ಮ ನೆಲಕ್ಕೆ ಹೊಸದಲ್ಲ. 1856ರಲ್ಲೇ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟರು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಆ ಚಿತ್ರಗಳ ಜಾಡು ಹಿಡಿದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ಕ್ಯಾಮೆರಾ ಹೂಡಿದರು. ಎಲ್ಲಿ ನಿಲ್ಲಬೇಕೆಂಬುದೇ ಈ ಕಸುಬಿನ ಅರ್ಧ ವಿದ್ಯೆ.

ಆಗಾ ಖಾನ್ ಅರಮನೆಯ ಆವರಣದಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಕೈಯಲ್ಲೇ ತೆಗೆಯುವವರು ಕೊನೆಗೆ ಸಮಾಧಿಗಳ ಬಳಿಗೆ ಹೋಗಲಿ. ಕಸ್ತೂರಬಾ ಮತ್ತು ಮಹಾದೇವ ದೇಸಾಯಿ ಅವರ ಈ ನೆಲೆಯನ್ನು ರೂಪಿಸಿದವರು ಚಾರ್ಲ್ಸ್ ಕೊರಿಯಾ. ಇಲ್ಲಿ ಎತ್ತರವಿಲ್ಲ, ಮೆರೆಯುವ ಮುಖವಿಲ್ಲ. ನಿಂತು ತೆಗೆದರೆ ಸಮಾಧಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಮಂಡಿಯೂರಬೇಕು.