ಹಿಮದಂಗಳದಲ್ಲಿ ಗಿಡ್ಡ ಆಟಗಾರನಿಗೆ ಎಡೆಯುಂಟೆ?

ಹಾಕಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬಯಲಿನ ಮೇಲೆ ಚೆಂಡು ಮತ್ತು ಡೊಂಕು ಕೋಲುಗಳಿಂದ ಆಡುವ, ಕೊಡಗಿನಲ್ಲಿ ಮನೆಮನೆಗೂ ಪರಿಚಿತವಾದ ಆಟ. ಕೆನಡಾ ದೇಶದಲ್ಲಿ ಅದೇ ಹೆಸರು ಬೇರೊಂದು ಆಟಕ್ಕೆ ಸಲ್ಲುತ್ತದೆ. ಅಲ್ಲಿಯ ಅಂಗಳ ಮಂಜುಗಡ್ಡೆಯದು. ಉದ್ದ ೨೦೦ ಅಡಿ, ಅಗಲ ೮೫ ಅಡಿ, ಸುತ್ತಲೂ ಗೋಡೆ. ಆಟಗಾರರು ಉಕ್ಕಿನ ಅಲಗನ್ನು ಜೋಡಿಸಿದ ಸ್ಕೇಟುಗಳನ್ನು ಕಾಲಿಗೆ ತೊಟ್ಟು ಜಾರುತ್ತ, ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಎದುರಾಳಿಯ ಗೋಲಿಗೆ ಹೊಡೆಯುತ್ತಾರೆ. ಬಯಲಿನ ಹಾಕಿಯಲ್ಲಿ ಮೈಯಿಂದ ಎದುರಾಳಿಯನ್ನು ತಳ್ಳುವುದು ತಪ್ಪು. ಇಲ್ಲಿಯಾದರೋ ಬಿಲ್ಲೆಯನ್ನು ಹಿಡಿದವನಿಗೆ ಹೆಗಲಿನಿಂದ ಢಿಕ್ಕಿ ಹೊಡೆದು ಅವನನ್ನು ಗೋಡೆಗೆ ಒತ್ತುವುದು ನಿಯಮಬದ್ಧವಾದ ವಿದ್ಯೆ.

ಈ ಆಟದ ಅತ್ಯುನ್ನತ ಮಂಡಲಿಯೆಂದರೆ ೧೯೧೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗ್. ಅದರಲ್ಲಿ ೩೨ ತಂಡಗಳಿವೆ. ವರ್ಷಕ್ಕೊಮ್ಮೆ ಇವು ಹದಿನೆಂಟರ ಆಸುಪಾಸಿನ ತರುಣರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಏಳು ಸುತ್ತುಗಳು, ಒಟ್ಟು ೨೨೪ ಹೆಸರುಗಳು. ಲೀಗಿನ ಆಟಗಾರನ ಸರಾಸರಿ ಎತ್ತರ ಸುಮಾರು ಆರಡಿ ಒಂದು ಅಂಗುಲ. ತೂಕ ಇನ್ನೂರು ಪೌಂಡಿನ ಸಮೀಪ. ಹೀಗಿರುವಲ್ಲಿ ಐದಡಿ ಎಂಟು ಅಂಗುಲದ ಹುಡುಗನೊಬ್ಬನು, ಅವನ ಕೈಚಳಕ ಎಷ್ಟೇ ಇರಲಿ, ಆ ಮಟ್ಟವನ್ನು ಮುಟ್ಟಬಲ್ಲನೆ? ಅಲ್ಲಿಯ ತಂದೆತಾಯಂದಿರನ್ನೂ ತರಬೇತುದಾರರನ್ನೂ ಪೀಡಿಸುವ ಪ್ರಶ್ನೆ ಇದು. ಇದಕ್ಕೆ ಅಭಿಮಾನದಿಂದ ಉತ್ತರಿಸುವವರು ಬಹುಮಂದಿ. ನಾವು ಭೌತವಿಜ್ಞಾನವನ್ನೂ ಶರೀರವಿಜ್ಞಾನವನ್ನೂ ಕೇಳಿ ನೋಡೋಣ.

ನಷ್ಟದ ಬಾಬು

ಮೊದಲು ನಷ್ಟವನ್ನು ಒಪ್ಪಿಕೊಳ್ಳತಕ್ಕದ್ದು. ಒಂದೇ ಮೈಕಟ್ಟಿನ ಇಬ್ಬರನ್ನು ಭಾವಿಸಿಕೊಳ್ಳಿ. ಒಬ್ಬನ ಎತ್ತರ ೧೮೫ ಸೆಂಟಿಮೀಟರು, ತೂಕ ೯೩ ಕಿಲೋಗ್ರಾಂ. ಇನ್ನೊಬ್ಬನ ಎತ್ತರ ೧೭೩ ಸೆಂಟಿಮೀಟರು. ಎತ್ತರದಲ್ಲಿ ಕೊರತೆ ನೂರಕ್ಕೆ ಆರೂವರೆ ಮಾತ್ರ. ಆದರೆ ತೂಕವು ಎತ್ತರದ ಘನವನ್ನು ಅನುಸರಿಸುವುದರಿಂದ ಎರಡನೆಯವನು ಕೇವಲ ೭೬ ಕಿಲೋಗ್ರಾಂ ತೂಗುತ್ತಾನೆ.

ಇಬ್ಬರೂ ಸೆಕೆಂಡಿಗೆ ೮ ಮೀಟರು ವೇಗದಲ್ಲಿ ಎದುರುಬದುರಾಗಿ ಬಂದು ಢಿಕ್ಕಿಯಾಗಿ ಒಂದಾಗಿ ಚಲಿಸಿದರೆಂದು ಇಟ್ಟುಕೊಳ್ಳೋಣ. ಸಂವೇಗವು ನಾಶವಾಗದೆಂಬ ನಿಯಮದಂತೆ ಈ ಜೋಡಿಯು ದೊಡ್ಡವನ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು ೦.೮ ಮೀಟರು ಸರಿಯುತ್ತದೆ. ಎಂದರೆ ದೊಡ್ಡವನ ವೇಗದಲ್ಲಿ ೭.೨ ಮೀಟರಿನ ಬದಲಾವಣೆಯಾದರೆ ಚಿಕ್ಕವನ ವೇಗದಲ್ಲಿ ೮.೮ ಮೀಟರಿನದು. ಅದೇ ಕ್ಷಣದಲ್ಲಿ, ಅದೇ ಢಿಕ್ಕಿಯಲ್ಲಿ, ಚಿಕ್ಕವನ ದೇಹವು ನೂರಕ್ಕೆ ೨೨ರಷ್ಟು ಹೆಚ್ಚಿನ ಅದುರನ್ನು ತಾಳಬೇಕು. ಕೌಶಲವಾಗಲಿ ಧೈರ್ಯವಾಗಲಿ ಈ ಲೆಕ್ಕವನ್ನು ತಿದ್ದಲಾರದು.

ಎರಡನೆಯ ನಷ್ಟ ತೋಳಿನದು. ಕೋಲನ್ನು ಚಾಚಿ ಆಟಗಾರನು ಕಾಯಬಲ್ಲ ನೆಲದ ವಿಸ್ತಾರವು ಅವನ ಚಾಚಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಕೋಲೂ ಮೈಗೆ ತಕ್ಕಷ್ಟೇ ಗಿಡ್ಡವಾದರೆ, ನಮ್ಮ ಚಿಕ್ಕವನು ಕಾಯುವ ನೆಲ ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಗೋಲಿನ ಮುಂದೆ ನಿಂತು ದಾಳಿಯನ್ನು ತಡೆಯಬೇಕಾದ ರಕ್ಷಕರ ಸ್ಥಾನದಲ್ಲಿ ಉದ್ದಾಳುಗಳನ್ನೇ ತಂಡಗಳು ಬಯಸುವುದಕ್ಕೆ ಇದೊಂದು ಕಾರಣ.

ಲಾಭದ ಬಾಬು

ಆದರೆ ಪ್ರಕೃತಿಯ ಲೆಕ್ಕದಲ್ಲಿ ಜಮೆಯೂ ಉಂಟು. ದೇಹವು ದೊಡ್ಡದಾದಂತೆ ತೂಕವು ಘನದಂತೆ ಏರಿದರೂ ಬಲವು ಕೇವಲ ವರ್ಗದಂತೆ ಏರುತ್ತದೆಂಬುದನ್ನು ಗೆಲಿಲಿಯೋ ೧೬೩೮ರಷ್ಟು ಹಿಂದೆಯೇ ವಿವರಿಸಿದ್ದನು. ಸ್ನಾಯುವಿನ ಶಕ್ತಿ ಅದರ ದಪ್ಪವನ್ನು, ಎಂದರೆ ಅಡ್ಡಕೊಯ್ತದ ವಿಸ್ತಾರವನ್ನು, ಅವಲಂಬಿಸಿದೆ. ಆದುದರಿಂದ ಚಿಕ್ಕವನಿಗೆ ಒಟ್ಟು ಬಲ ಕಡಿಮೆಯಾದರೂ ಕಿಲೋಗ್ರಾಮಿಗೆ ದೊರೆಯುವ ಬಲ ಹೆಚ್ಚು. ನಮ್ಮ ಉದಾಹರಣೆಯಲ್ಲಿ ಅದು ನೂರಕ್ಕೆ ಸುಮಾರು ಏಳು. ನಿಂತಲ್ಲಿಂದ ಹೊರಡುವ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಇದರ ಫಲ ಕಾಣುತ್ತದೆ.

ತಿರುಗುವಾಗ ಲಾಭ ಇನ್ನೂ ಅಧಿಕ. ದೇಹವನ್ನು ಅದರ ಅಚ್ಚಿನ ಸುತ್ತ ತಿರುಗಿಸುವುದಕ್ಕಿರುವ ಜಡತ್ವವು ಎತ್ತರದ ಐದನೆಯ ಘಾತವನ್ನು ಅನುಸರಿಸುತ್ತದೆ. ತಿರುಗಿಸುವ ಸಾಮರ್ಥ್ಯವು ಮೂರನೆಯ ಘಾತವನ್ನು ಮಾತ್ರ. ಲೆಕ್ಕ ಮಾಡಿದರೆ ಚಿಕ್ಕವನು ದೊಡ್ಡವನಿಗಿಂತ ನೂರಕ್ಕೆ ಹದಿನಾಲ್ಕರಷ್ಟು ಚುರುಕಾಗಿ ಮೈ ತಿರುಗಿಸಬಲ್ಲನು. ಬಾಗಿ ಜಾರುವಾಗಲೂ ತೂಕಕ್ಕೆ ಯಾವ ಮರ್ಯಾದೆಯೂ ಇಲ್ಲ. ಸೆಕೆಂಡಿಗೆ ೮ ಮೀಟರು ವೇಗದಲ್ಲಿ ಆರೂವರೆ ಮೀಟರು ತ್ರಿಜ್ಯದ ತಿರುವನ್ನು ತೆಗೆದುಕೊಳ್ಳುವ ಯಾವನಾದರೂ ೪೫ ಡಿಗ್ರಿಯಷ್ಟು ಒಳಕ್ಕೆ ಬಾಗಲೇಬೇಕು. ಅವನು ೭೬ ಕಿಲೋಗ್ರಾಂ ತೂಗಿದರೂ ಸರಿ, ೯೩ ತೂಗಿದರೂ ಸರಿ.

ಎಲ್ಲಕ್ಕೂ ಮಿಗಿಲಾದ ಮಾತೊಂದುಂಟು. ಒಳ್ಳೆಯ ಹೊಡೆತಕ್ಕೆ ಸಿಕ್ಕಿದ ಬಿಲ್ಲೆಯು ಗಂಟೆಗೆ ೧೫೦ ಕಿಲೋಮೀಟರನ್ನು ಮೀರುತ್ತದೆ. ಅದನ್ನು ಓಡಿ ಹಿಡಿಯಬಲ್ಲ ಆಟಗಾರನಿಲ್ಲ. ಬಿಲ್ಲೆಯು ಮುಂದೆ ಎಲ್ಲಿ ಇರುವುದೆಂದು ಅರ್ಧ ಕ್ಷಣ ಮೊದಲು ಊಹಿಸಬಲ್ಲವನು ಢಿಕ್ಕಿಗೆ ಸಿಕ್ಕುವ ಮೊದಲೇ ಅದನ್ನು ಸಾಗಿಸಿ ತಾನು ಜಾರಿಕೊಂಡಿರುತ್ತಾನೆ. ಢಿಕ್ಕಿಯ ಲೆಕ್ಕವನ್ನು ತಿದ್ದಲಾಗದು. ಆದರೆ ಢಿಕ್ಕಿಯನ್ನೇ ತಪ್ಪಿಸಬಹುದು.

ನಿಯಮದ ಕೈವಾಡ

ಜಮೆ ಹೆಚ್ಚೋ ಖರ್ಚು ಹೆಚ್ಚೋ ಎಂಬುದನ್ನು ಪ್ರಕೃತಿಯೊಂದೇ ನಿರ್ಣಯಿಸುವುದಿಲ್ಲ. ಆಟದ ನಿಯಮಗಳೂ ನಿರ್ಣಯಿಸುತ್ತವೆ. ಕೋಲನ್ನು ಕೊಕ್ಕೆಯಂತೆ ಹಾಕಿ ಎಳೆಯುವುದು, ಹಿಡಿದು ನಿಲ್ಲಿಸುವುದು, ಬಿಲ್ಲೆಯಿಲ್ಲದವನಿಗೆ ಅಡ್ಡ ನಿಲ್ಲುವುದು ಇವೆಲ್ಲ ಹಿಂದಿನಿಂದಲೂ ತಪ್ಪುಗಳೇ ಆಗಿದ್ದರೂ ೧೯೯೦ರ ದಶಕದಲ್ಲಿ ಇವುಗಳನ್ನು ಬಹುಮಟ್ಟಿಗೆ ಕಂಡೂ ಕಾಣದಂತೆ ಬಿಡಲಾಗುತ್ತಿತ್ತು. ಹಗುರನಾದವನು ಗಳಿಸಿದ ವೇಗವು ಇಂತಹ ಎಳೆದಾಟದಲ್ಲಿ ವ್ಯರ್ಥವಾಗುತ್ತಿತ್ತು. ವೇತನದ ವಿವಾದದಿಂದ ೨೦೦೪-೦೫ರ ಋತುವಿನ ಆಟವೇ ನಿಂತುಹೋಯಿತು. ಆಟ ಮತ್ತೆ ಆರಂಭವಾದ ೨೦೦೫ರಲ್ಲಿ ಈ ತಪ್ಪುಗಳಿಗೆ ಕಟ್ಟುನಿಟ್ಟಾಗಿ ದಂಡನೆ ವಿಧಿಸತೊಡಗಿದರು. ಅಂಗಳದ ನಡುಗೆರೆಯನ್ನು ದಾಟಿಸಿ ದೂರಕ್ಕೆ ಬಿಲ್ಲೆಯನ್ನು ಕಳುಹಿಸಲು ಅನುಮತಿಯಿತ್ತರು. ಭೌತನಿಯಮಗಳು ಬದಲಾಗಲಿಲ್ಲ, ಚಿಕ್ಕವನ ಬಂಡವಾಳದ ಬೆಲೆ ಏರಿತು.

ಹಾಗೆಂದು ಅದಕ್ಕೆ ಮುಂಚೆ ಗಿಡ್ಡರೇ ಇರಲಿಲ್ಲವೆಂದಲ್ಲ. ಐದಡಿ ಏಳು ಅಂಗುಲದ ಆನ್ರಿ ರಿಷಾರ್ ೧೯೫೬ರಿಂದ ೧೯೭೩ರೊಳಗೆ ಹನ್ನೊಂದು ಸಲ ಸ್ಟ್ಯಾನ್ಲಿ ಕಪ್ಪನ್ನು ಗೆದ್ದ ತಂಡದಲ್ಲಿದ್ದನು. ಆಟಗಾರರಲ್ಲಿ ಇದೇ ದಾಖಲೆ. ಐದಡಿ ಆರು ಅಂಗುಲದ ಥಿಯೊ ಫ್ಲೂರಿಯನ್ನು ೧೯೮೭ರಲ್ಲಿ ೧೬೬ನೆಯವನಾಗಿ ಆರಿಸಲಾಯಿತು. ಅವನು ೧,೦೮೪ ಪಂದ್ಯಗಳಲ್ಲಿ ೪೫೫ ಗೋಲುಗಳನ್ನು ಹೊಡೆದನು. ಐದಡಿ ಎಂಟು ಅಂಗುಲದ ಮಾರ್ಟಿನ್ ಸೇಂಟ್ ಲೂಯಿಯನ್ನಂತೂ ವಾರ್ಷಿಕ ಆಯ್ಕೆಯಲ್ಲಿ ಯಾರೊಬ್ಬರೂ ಆರಿಸಲಿಲ್ಲ. ಕ್ಯಾಲ್ಗರಿ ತಂಡವು ಅವನನ್ನು ಸೇರಿಸಿಕೊಂಡು ೨೦೦೦ದಲ್ಲಿ ಬಿಟ್ಟುಕೊಟ್ಟಿತು. ೨೦೦೪ರಲ್ಲಿ ಅವನು ಟ್ಯಾಂಪಾ ಬೇ ತಂಡದವನಾಗಿ ಸ್ಟ್ಯಾನ್ಲಿ ಕಪ್ಪನ್ನೂ ಲೀಗಿನ ಶ್ರೇಷ್ಠ ಆಟಗಾರನೆಂಬ ಪಾರಿತೋಷಕವನ್ನೂ ಪಡೆದನು.

ಅಳೆಯುವವರ ತಪ್ಪು

ಇಂತಹ ಕಥೆಗಳನ್ನು ಕೇಳಿ ಉತ್ಸಾಹಗೊಳ್ಳುವುದು ಸಹಜ. ಆದರೆ ವಿಜ್ಞಾನದ ವಿದ್ಯಾರ್ಥಿಯು ಎಚ್ಚರಿಕೆಯಿಂದಿರಬೇಕು. ನಮಗೆ ತಿಳಿದಿರುವುದು ಗೆದ್ದವರ ಹೆಸರುಗಳು ಮಾತ್ರ. ಹಿಂದೆ ಬಿದ್ದವರ ಪಟ್ಟಿಯನ್ನು ಯಾರೂ ಇಟ್ಟಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಆರಿಸುವವರು ಎಲ್ಲರನ್ನೂ ಸರಿಯಾದ ಅಳತೆಗೋಲಿನಿಂದ ಅಳೆಯುತ್ತಿದ್ದಾರೆಯೆ?

ಇದಕ್ಕೆ ಒಂದು ಸುಳಿವು ಹುಟ್ಟಿದ ತಿಂಗಳಿನಿಂದ ದೊರೆಯಿತು. ಕೆನಡಾದಲ್ಲಿ ಮಕ್ಕಳ ತಂಡಗಳನ್ನು ಜನವರಿ ಒಂದನೆಯ ತಾರೀಖಿನಿಂದ ವಯಸ್ಸನ್ನು ಎಣಿಸಿ ವಿಂಗಡಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವರ್ಗ. ೧೯೮೫ರಲ್ಲಿ ರಾಜರ್ ಬಾರ್ನ್‌ಸ್ಲೆ ಮತ್ತು ಸಂಗಡಿಗರು ತೋರಿಸಿದಂತೆ ಮೇಲ್ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಅಧಿಕ. ಹತ್ತು ವರ್ಷದ ಬಾಲಕರಲ್ಲಿ ಹನ್ನೊಂದು ತಿಂಗಳ ಬೆಳವಣಿಗೆ ಸಣ್ಣದಲ್ಲ. ದೊಡ್ಡವನಾಗಿ ಕಂಡವನು ಒಳ್ಳೆಯ ತಂಡಕ್ಕೆ ಸೇರುತ್ತಾನೆ, ಹೆಚ್ಚು ಹೊತ್ತು ಆಡುತ್ತಾನೆ, ಉತ್ತಮ ಶಿಕ್ಷಣ ಪಡೆಯುತ್ತಾನೆ. ಕಡೆಗೆ ನಿಜವಾಗಿಯೂ ಉತ್ತಮನಾಗುತ್ತಾನೆ.

೨೦೧೩ರಲ್ಲಿ ರಾಬರ್ಟ್ ಡೀನರ್ ಮತ್ತು ಇಬ್ಬರು ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆ ಇದಕ್ಕಿಂತಲೂ ಮುಂದೆ ಹೋಯಿತು. ೧೯೮೦ರಿಂದ ೨೦೦೬ರವರೆಗೆ ಆಯ್ಕೆಯಾದ ಕೆನಡಾದ ಆಟಗಾರರಲ್ಲಿ ಜುಲೈಯಿಂದ ಡಿಸೆಂಬರಿನೊಳಗೆ ಹುಟ್ಟಿದವರು ನೂರಕ್ಕೆ ಸುಮಾರು ೩೪ ಮಂದಿ. ಆದರೆ ಅವರು ಆಡಿದ ಪಂದ್ಯಗಳು ಸುಮಾರು ೪೨ ಪಾಲು, ಗಳಿಸಿದ ಅಂಕಗಳು ಸುಮಾರು ೪೪ ಪಾಲು. ಹಿಂದಕ್ಕೆ ತಳ್ಳಲ್ಪಟ್ಟವರು ನಿರೀಕ್ಷೆಗಿಂತ ಮುಂದೆ ನಡೆದರು. ಇಷ್ಟು ವರ್ಷಗಳೂ ಪರೀಕ್ಷಕರು ದೇಹದ ಪಕ್ವತೆಯನ್ನೇ ಪ್ರತಿಭೆಯೆಂದು ಭ್ರಮಿಸಿದ್ದರೆಂದು ಇದರಿಂದ ಊಹಿಸಬಹುದು.

ಇದು ತಿಂಗಳಿನ ಮಾತಾಯಿತು. ಎತ್ತರಕ್ಕೂ ಇದೇ ನ್ಯಾಯ ಅನ್ವಯಿಸುವುದಕ್ಕೆ ಶರೀರವಿಜ್ಞಾನ ಕಾರಣ ಕೊಡುತ್ತದೆ. ಗಂಡುಮಕ್ಕಳ ಬೆಳವಣಿಗೆಯ ಉಬ್ಬರ ಸರಾಸರಿ ಹದಿನಾಲ್ಕರ ಸುಮಾರಿಗೆ ಬರುತ್ತದೆ. ಆದರೆ ಕೆಲವರಿಗೆ ಅದು ಒಂದೆರಡು ವರ್ಷ ಮುಂಚೆ, ಕೆಲವರಿಗೆ ತಡವಾಗಿ. ಅಂಗೈ ಮತ್ತು ಮಣಿಕಟ್ಟಿನ ಕ್ಷಕಿರಣ ಚಿತ್ರವನ್ನು ತೆಗೆದು, ಮೂಳೆಯ ತುದಿಗಳು ಎಷ್ಟರಮಟ್ಟಿಗೆ ಕೂಡಿಕೊಂಡಿವೆಯೆಂದು ನೋಡಿದರೆ ಮೂಳೆಯ ವಯಸ್ಸು ತಿಳಿಯುತ್ತದೆ. ಇಂದು ಗಿಡ್ಡನಾಗಿರುವ ಹದಿನೈದರ ಹುಡುಗನು ನಿಜವಾಗಿ ಗಿಡ್ಡನೋ ಅಥವಾ ತಡವಾಗಿ ಬೆಳೆಯುವವನೋ ಎಂಬುದನ್ನು ಬರಿಯ ಕಣ್ಣಿನಿಂದ ಹೇಳಲಾಗದು.

ಈ ನಡುವೆ ಅವನ ಮೈ ಉಳಿಯಬೇಕಷ್ಟೆ. ಮಕ್ಕಳಲ್ಲಿ ಮೈಢಿಕ್ಕಿಯನ್ನು ಅನುಮತಿಸಿದ್ದ ಆಲ್ಬರ್ಟಾ ಪ್ರಾಂತ್ಯವನ್ನೂ ಅನುಮತಿಸದಿದ್ದ ಕ್ವಿಬೆಕ್ ಪ್ರಾಂತ್ಯವನ್ನೂ ಹೋಲಿಸಿ ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೊಂದು ಹನ್ನೆರಡು ವಯಸ್ಸಿನವರಿಗೆ ಗಾಯದ ಅಪಾಯ ಮೊದಲಿನ ಕಡೆ ಮೂರು ಪಾಲಿಗಿಂತ ಹೆಚ್ಚೆಂದು ಕಂಡುಬಂದಿತು. ಅಮೆರಿಕವು ೨೦೧೧ರಲ್ಲಿಯೂ ಕೆನಡಾ ೨೦೧೩ರಲ್ಲಿಯೂ ಆ ವಯಸ್ಸಿನವರಿಗೆ ಮೈಢಿಕ್ಕಿಯನ್ನು ನಿಷೇಧಿಸಿದವು. ಗಾಯಗಳನ್ನು ತಡೆಯಲೆಂದು ಮಾಡಿದ ಈ ನಿಷೇಧದಿಂದ ಚಿಕ್ಕ ಬಾಲಕನಿಗೆ ಕೌಶಲವನ್ನು ಕಲಿಯಲು ಒಂದೆರಡು ವರ್ಷಗಳ ಬಿಡುವೂ ದೊರೆಯಿತು.

ಈಚಿನ ನಿದರ್ಶನವೊಂದನ್ನು ಹೇಳಬಹುದು. ಲೇನ್ ಹಟ್ಸನ್ ಎಂಬ ರಕ್ಷಕನನ್ನು ಮಾಂಟ್ರಿಯಲ್ ತಂಡವು ೨೦೨೨ರಲ್ಲಿ ೬೨ನೆಯವನಾಗಿ ಆರಿಸಿತು. ಅವನ ಎತ್ತರ ಐದಡಿ ಒಂಬತ್ತು ಅಂಗುಲ. ಉದ್ದಾಳುಗಳಿಗೇ ಮೀಸಲೆನಿಸಿದ್ದ ಸ್ಥಾನ ಅವನದು. ೨೦೨೪-೨೫ರ ತನ್ನ ಮೊದಲ ಪೂರ್ಣ ಋತುವಿನಲ್ಲಿ ಅವನು ೬೬ ಅಂಕಗಳನ್ನು ಗಳಿಸಿ ಹೊಸಬರಲ್ಲಿ ಶ್ರೇಷ್ಠನೆಂಬ ಪಾರಿತೋಷಕವನ್ನು ಪಡೆದನು. ಆಗ ಅವನ ತಂಡದ ತರಬೇತುದಾರನಾಗಿದ್ದವನು ಬೇರೆ ಯಾರೂ ಅಲ್ಲ, ಹಿಂದೆ ಯಾರೂ ಆರಿಸದಿದ್ದ ಮಾರ್ಟಿನ್ ಸೇಂಟ್ ಲೂಯಿ.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಗಿಡ್ಡನು ಮೇಲಕ್ಕೆ ಏರಬಲ್ಲನು. ಆದರೆ ಉದ್ದಾಳಿನಷ್ಟೇ ನಿಪುಣನಾದರೆ ಸಾಲದು. ಢಿಕ್ಕಿಯಲ್ಲಿಯೂ ಚಾಚಿನಲ್ಲಿಯೂ ಆಗುವ ನಷ್ಟವನ್ನು ಮೊದಲ ಹೆಜ್ಜೆಗಳ ವೇಗ, ತಿರುವಿನ ಚುರುಕು, ಮುಂಗಾಣುವ ದೃಷ್ಟಿ ಇವುಗಳಿಂದ ತುಂಬಿಕೊಡಬೇಕು. ಇವನ್ನು ಸಾಧಿಸುವುದು ಅವನ ಹೊಣೆ. ಆದರೆ ಇವನ್ನು ಸಾಧಿಸುವಷ್ಟು ಕಾಲ ಅವನನ್ನು ಅಂಗಳದಲ್ಲಿ ಉಳಿಸಿಕೊಳ್ಳುವುದು ಅವನ ಕೈಯಲ್ಲಿಲ್ಲ, ಆರಿಸುವವರ ಕೈಯಲ್ಲಿದೆ. ಎತ್ತರವನ್ನು ಅಳೆಯುವುದಕ್ಕೆ ಒಂದು ನಿಮಿಷ ಸಾಕು. ಆಟವನ್ನು ಅಳೆಯುವುದಕ್ಕೆ ಹಲವು ಋತುಗಳು ಬೇಕು. ಸುಲಭವಾಗಿ ಅಳೆಯಬಹುದಾದುದನ್ನೇ ಮುಖ್ಯವೆಂದು ಎಣಿಸುವ ಅಭ್ಯಾಸವನ್ನು ಬಿಟ್ಟಷ್ಟೂ ಆ ಲೀಗಿನ ಬಾಗಿಲು ಇಂತಹ ಹುಡುಗರಿಗೆ ಅಗಲವಾಗುವುದು.