ಸ್ವಲೀನ ಮಕ್ಕಳೂ ಸಮಾಜದ ಹೊಣೆಯೂ

ಮೂರು ವರ್ಷ ತುಂಬಿದರೂ ಮಾತು ಬಾರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಓರಗೆಯ ಮಕ್ಕಳೊಡನೆ ಬೆರೆಯದೆ ಒಂದೇ ವಸ್ತುವನ್ನು ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುವ ಮಗುವೊಂದು ಮನೆಯಲ್ಲಿದ್ದರೆ ಆ ಮನೆಯವರು ಮೊದಲು ಯಾರಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ನಮ್ಮ ನಾಡಿನ ಬಹುತೇಕ ಊರುಗಳಲ್ಲಿ ಖಚಿತವಾದ ಉತ್ತರ ದೊರೆಯುವುದಿಲ್ಲ. ಮನೆಯ ಹಿರಿಯರು, ತಂದೆಯೂ ತಡವಾಗಿಯೇ ಮಾತು ಕಲಿತನೆಂದು ಸಮಾಧಾನ ಹೇಳುವರು. ನೆರೆಯವರು ಹರಕೆ ಹೊರುವಂತೆ ಸೂಚಿಸುವರು. ಊರಿನ ವೈದ್ಯರು ಕೆಲವು ಕಾಲ ಕಾದು ನೋಡೋಣವೆನ್ನುವರು. ಎಲ್ಲರದೂ ಸದುದ್ದೇಶವೇ. ಆದರೆ ಹೀಗೆ ಕಾಯುವುದರಲ್ಲಿಯೇ, ಮಗುವಿಗೆ ನೆರವು ಅತ್ಯಂತ ಫಲಕಾರಿಯಾಗಬಹುದಾದ ವರ್ಷಗಳು ಸಂದುಹೋಗುತ್ತವೆ.

ಇಂಗ್ಲಿಷಿನಲ್ಲಿ ಆಟಿಸಂ ಎಂದು ಹೆಸರಾದ ಈ ಸ್ಥಿತಿಯನ್ನು ಕನ್ನಡದಲ್ಲಿ ಸ್ವಲೀನತೆಯೆಂದು ಕರೆಯುವ ರೂಢಿ ಬಂದಿದೆ. ಇದು ಜ್ವರ ಕೆಮ್ಮುಗಳಂತೆ ಬಂದು ಹೋಗುವ ರೋಗವಲ್ಲ. ಹುಚ್ಚಂತೂ ಅಲ್ಲವೇ ಅಲ್ಲ. ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭೇದವಿದು. ಶೈಶವದಿಂದಲೇ ಇದ್ದು ಜೀವಮಾನವೆಲ್ಲ ಜೊತೆಯಲ್ಲಿರತಕ್ಕದ್ದು. ಇದರ ಪ್ರಮಾಣವೂ ಎಲ್ಲರಲ್ಲಿ ಒಂದೇ ಅಲ್ಲ. ಕೆಲವರು ಚೆನ್ನಾಗಿ ಓದಿ ಪದವಿ ಪಡೆದು ಸಂಪಾದಿಸುವರು; ಕೆಲವರು ಒಂದು ಮಾತನ್ನೂ ಆಡಲಾರದೆ ಊಟ ಸ್ನಾನಗಳಿಗೂ ಪರರ ಸಹಾಯವನ್ನು ಬಯಸುವರು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರ ಸ್ಥಿತಿಯನ್ನು ಕುರಿತು ಮಾಡಿದ ಅಂದಾಜಿನಂತೆ ಲೋಕದಲ್ಲಿ ೧೨೭ ಜನರಲ್ಲಿ ಒಬ್ಬರು ಸ್ವಲೀನರು. ಎರಡು ಲಕ್ಷ ಜನವಸತಿಯುಳ್ಳ ಒಂದು ತಾಲ್ಲೂಕಿಗೆ ಈ ಲೆಕ್ಕವನ್ನು ಅನ್ವಯಿಸಿದರೆ ಅಲ್ಲಿ ಸಾವಿರದೈನೂರಕ್ಕೆ ಮೇಲ್ಪಟ್ಟು ಇಂತಹವರು ಇರಬೇಕಾಗುತ್ತದೆ. ಆದುದರಿಂದ ಇದು ಎಲ್ಲಿಯೋ ಒಂದೆರಡು ಮನೆಗಳ ಗುಟ್ಟಿನ ದುಃಖವೆಂದು ಯಾರೂ ಭಾವಿಸತಕ್ಕದ್ದಲ್ಲ.

ಈ ವಿಷಯದ ಚರಿತ್ರೆಯಲ್ಲಿ ನಮಗೆ ತಿಳಿಯಬೇಕಾದ ಪಾಠವೊಂದುಂಟು. ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಎಂಬವರು ೧೯೪೩ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಲೇಖನ ಬರೆದು ಈ ಸ್ಥಿತಿಯನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ಮುಂದೆ ಅನೇಕ ವರ್ಷಗಳ ಕಾಲ, ತಾಯಿಯ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಯಿತೆಂಬ ಕ್ರೂರವಾದ ವಾದವು ಪಂಡಿತರಲ್ಲಿಯೇ ಹಬ್ಬಿತ್ತು. ಬ್ರೂನೋ ಬೆಟೆಲ್‌ಹೈಮ್ ಎಂಬವರು ೧೯೬೭ರಲ್ಲಿ ಒಂದು ಗ್ರಂಥವನ್ನೇ ಬರೆದು ಇದನ್ನು ಪ್ರಚಾರಪಡಿಸಿದರು. ಮಗುವಿನ ಕಷ್ಟದಿಂದ ಮೊದಲೇ ನೊಂದ ತಾಯಂದಿರ ಮೇಲೆ ಅಪರಾಧದ ಹೊರೆಯೂ ಬಿದ್ದಿತು. ಈ ವಾದದ ಬುಡವನ್ನು ಅಲುಗಿಸಿದವರು ಯಾರು? ತಾವೇ ಸ್ವಲೀನ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್. ೧೯೬೪ರಲ್ಲಿಯೇ ಅವರು ತಮ್ಮ ಗ್ರಂಥದಲ್ಲಿ, ಇದರ ಮೂಲ ದೇಹದಲ್ಲಿದೆಯೇ ಹೊರತು ತಾಯಿಯ ನಡತೆಯಲ್ಲಿಲ್ಲವೆಂದು ವಾದಿಸಿದ್ದರು. ಇಂಗ್ಲೆಂಡಿನಲ್ಲಿಯೂ ೧೯೬೨ರಲ್ಲಿ ಇಂತಹ ಮಕ್ಕಳ ತಂದೆತಾಯಿಗಳೇ ಕೂಡಿ ಸಂಘ ಕಟ್ಟಿಕೊಂಡರು.

ನಮ್ಮ ದೇಶದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ದೆಹಲಿಯಲ್ಲಿ ೧೯೯೧ರಲ್ಲಿ ಆಕ್ಷನ್ ಫಾರ್ ಆಟಿಸಂ ಎಂಬ ಸಂಸ್ಥೆಯನ್ನು ಆರಂಭಿಸಿದವರು ಶ್ರೀಮತಿ ಮೇರಿ ಬರುವಾ; ಅವರೂ ಒಬ್ಬ ಸ್ವಲೀನ ಮಗನ ತಾಯಿ. ಅಂಗವಿಕಲರಿಗಾಗಿ ೧೯೯೫ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನಿನಲ್ಲಿ ಏಳು ಬಗೆಯ ವೈಕಲ್ಯಗಳಿಗೆ ಸ್ಥಾನವಿತ್ತು. ಸ್ವಲೀನತೆಯ ಹೆಸರೇ ಇರಲಿಲ್ಲ. ಕಾನೂನಿನ ಕಣ್ಣಿಗೆ ಈ ಮಕ್ಕಳು ಹುಟ್ಟಿಯೇ ಇರಲಿಲ್ಲವೆಂದರೂ ಸಲ್ಲುವುದು. ೧೯೯೯ರ ರಾಷ್ಟ್ರೀಯ ನ್ಯಾಸ ಕಾನೂನಿನಲ್ಲಿ ಮೊದಲ ಬಾರಿಗೆ ಆ ಹೆಸರು ಕಾಣಿಸಿಕೊಂಡಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ ಸ್ವಲೀನತೆಯನ್ನೂ ಅದರಲ್ಲಿ ಸೇರಿಸಿತು. ದೊರೆತುದರಲ್ಲಿ ಹೆಚ್ಚಿನ ಪಾಲು ತಂದೆತಾಯಿಗಳು ಅಲೆದು, ಬೇಡಿ, ವಾದಿಸಿ ಪಡೆದುದೆಂಬುದನ್ನು ಅಧಿಕಾರದಲ್ಲಿರುವವರು ಮರೆಯಲಾಗದು.

ಕಾನೂನು ಕೊಟ್ಟಿರುವುದಾದರೂ ಏನು? ಶೇಕಡ ನಲವತ್ತಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕುಂಟು. ಸರ್ಕಾರದ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಅಂಗವಿಕಲರಿಗೆ ಶೇಕಡ ಐದು ಸ್ಥಾನಗಳು ಮೀಸಲು. ಸರ್ಕಾರಿ ನೌಕರಿಯ ಮೀಸಲಾತಿಯಲ್ಲಿಯೂ ಸ್ವಲೀನರಿಗೆ, ಇತರ ಕೆಲವು ವರ್ಗಗಳೊಡನೆ ಕೂಡಿ, ಪಾಲಿದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯುಂಟು. ಆಸ್ಪತ್ರೆಯ ವೆಚ್ಚವಲ್ಲದೆ ವಾಕ್ ಚಿಕಿತ್ಸೆ ಮುಂತಾದ ನಿರಂತರ ಅಭ್ಯಾಸಗಳಿಗೂ ಅದರಲ್ಲಿ ಅವಕಾಶವಿದೆ. ಮಕ್ಕಳ ಬೆಳವಣಿಗೆಯ ಕುಂದುಗಳನ್ನು ಎಳವೆಯಲ್ಲಿಯೇ ಗುರುತಿಸಲೆಂದು ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಜಿಲ್ಲೆಗೊಂದು ಶೀಘ್ರ ನೆರವಿನ ಕೇಂದ್ರವಿರಬೇಕೆಂದು ವಿಧಿಸಿದೆ. ಕಾಗದದ ಮೇಲೆ ನೋಡಿದರೆ ಇದು ಅಲ್ಪವಾದ ವ್ಯವಸ್ಥೆಯಲ್ಲ.

ಆದರೆ ಈ ಸೌಲಭ್ಯಗಳಲ್ಲಿ ಒಂದೊಂದೂ ಒಂದೊಂದು ಕಚೇರಿಯಲ್ಲಿದೆ. ಗುರುತಿಸುವುದು ಆರೋಗ್ಯ ಇಲಾಖೆ. ಓದಿಸುವುದು ಶಿಕ್ಷಣ ಇಲಾಖೆ. ಮಾಸಾಶನ ಕೊಡುವುದು ಕಂದಾಯ ಇಲಾಖೆ. ಉಳಿದುದನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಇವೆಲ್ಲಕ್ಕೂ ಕೀಲಿಕೈಯಂತಿರುವುದು ವೈಕಲ್ಯದ ಪ್ರಮಾಣಪತ್ರ. ಕೈಕಾಲಿನ ಊನ ನೋಡಿದೊಡನೆ ತಿಳಿಯುವುದು, ಸ್ವಲೀನತೆ ಹಾಗಲ್ಲ. ಅದನ್ನು ಅಳೆಯಲು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿ ೨೦೦೯ರಲ್ಲಿ ಹೊರತಂದ ಅಳತೆಗೋಲೊಂದಿದೆ. ಅದನ್ನು ಬಳಸಬಲ್ಲ ಪರಿಣತರು ಬೇಕು. ಅವರು ಮಗುವಿನೊಡನೆ ಸಾಕಷ್ಟು ಹೊತ್ತು ಕಳೆಯಬೇಕು. ಪರಿಣತರಿಲ್ಲದೆಡೆಯಲ್ಲಿ ತಂದೆತಾಯಿಗಳು ಕೂಲಿ ಬಿಟ್ಟು, ಅಂಗಡಿ ಮುಚ್ಚಿ, ಗದ್ದಲವನ್ನು ತಾಳಲಾರದ ಮಗುವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ಅಲೆಯಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ನಾಡು ಹೆಮ್ಮೆಪಡತಕ್ಕ ಸಂಸ್ಥೆಗಳು. ಆದರೆ ಬೀದರಿನಿಂದ ಬೆಂಗಳೂರಿಗೆ ಸುಮಾರು ಏಳುನೂರು ಕಿಲೋಮೀಟರುಗಳ ದಾರಿ. ಈ ಮಗುವಿಗೆ ಬೇಕಾದುದು ಒಂದು ದಿನದ ಔಷಧವಲ್ಲ, ವರ್ಷಗಟ್ಟಲೆಯ ಅಭ್ಯಾಸ. ವಾರಕ್ಕೊಮ್ಮೆ ಅಷ್ಟು ದೂರ ಯಾರು ಹೋಗಿ ಬರಬಲ್ಲರು?

ಹತ್ತಿರದಲ್ಲಿ ಸರಿಯಾದ ನೆರವಿಲ್ಲದೆಡೆಗೆ ಸುಳ್ಳು ನೆರವು ಬಹು ಬೇಗ ಬಂದು ಸೇರುತ್ತದೆ. ಆಕರಕೋಶಗಳನ್ನು ಮಗುವಿನ ಮೈಗೆ ಸೇರಿಸಿ ಸ್ವಲೀನತೆಯನ್ನು ಗುಣಪಡಿಸುವೆವೆಂದು ಲಕ್ಷಗಟ್ಟಲೆ ಹಣ ಸೆಳೆಯುವವರುಂಟು. ಇಂತಹ ಚಿಕಿತ್ಸೆಗೆ ಆಧಾರವಿಲ್ಲವೆಂದೂ ಇದನ್ನು ಪ್ರಚಾರ ಮಾಡುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಲಿಯು ೨೦೨೨ರಲ್ಲಿಯೇ ತಿಳಿಸಿದೆ. ದಡಾರದ ಲಸಿಕೆಯಿಂದ ಸ್ವಲೀನತೆ ಬರುವುದೆಂಬ ಮಾತೂ ಹೀಗೆಯೇ. ಅದಕ್ಕೆ ಮೂಲವಾದ ೧೯೯೮ರ ಲೇಖನವನ್ನು ಅಚ್ಚು ಹಾಕಿದ ಪತ್ರಿಕೆಯೇ ೨೦೧೦ರಲ್ಲಿ ಹಿಂದೆಗೆದುಕೊಂಡಿತು. ಇದನ್ನು ನಂಬಿ ಲಸಿಕೆ ತಪ್ಪಿಸಿದವರು ಮಗುವನ್ನು ದಡಾರದ ಬಾಯಿಗೆ ಒಡ್ಡಿದರೇ ಹೊರತು ಬೇರೇನನ್ನೂ ಸಾಧಿಸಲಿಲ್ಲ. ಸ್ವಲೀನತೆಯನ್ನು ಕೆಲವೇ ತಿಂಗಳಲ್ಲಿ ಸಂಪೂರ್ಣವಾಗಿ ವಾಸಿಮಾಡುವೆನೆಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಅವರ ಕೈಗೆ ಹಣ ಕೊಡಬೇಡಿರೆಂದು ನಾವು ವಾಚಕರಿಗೆ ಒತ್ತಿ ಹೇಳುತ್ತೇವೆ. ವಿಶೇಷ ಶಿಕ್ಷಕರನ್ನು ಗೊತ್ತುಮಾಡಿಕೊಳ್ಳುವಾಗ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ಹೆಸರು ದಾಖಲಾಗಿದೆಯೇ ಎಂದು ವಿಚಾರಿಸುವುದು ಒಳಿತು.

ಹಾಗಾದರೆ ನಿಜವಾದ ನೆರವು ಹಳ್ಳಿಯವರೆಗೆ ಬರಲು ಸಾಧ್ಯವೇ? ಸಾಧ್ಯವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಪ್ರಮಾಣವಿದೆ. ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ೬೫ ಮಕ್ಕಳೊಡನೆ ನಡೆದ ಒಂದು ಪರೀಕ್ಷೆಯ ಫಲವು ೨೦೧೬ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಗಳಿಗೆ ಹೋದವರು ತಜ್ಞ ವೈದ್ಯರಲ್ಲ. ತರಬೇತಿ ಹೊಂದಿದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಗುವಿನ ನೋಟ, ಸನ್ನೆ, ಆಟಗಳನ್ನು ಗಮನಿಸಿ ಅದಕ್ಕೆ ಹೊಂದುವಂತೆ ಹೇಗೆ ಮಾತನಾಡಬೇಕು, ಮಗುವೇ ಮುಂದಾಗಿ ಕೇಳುವಂತೆ ಹೇಗೆ ಎಡೆಗೊಡಬೇಕು ಎಂಬುದನ್ನು ಅವರು ತಂದೆತಾಯಿಗಳಿಗೆ ಕಲಿಸಿದರು. ತಂದೆತಾಯಿಗಳು ಮಗುವಿನೊಡನೆ ಹೊಂದಿಕೊಳ್ಳುವ ರೀತಿ ಉತ್ತಮಗೊಂಡಿತು; ಮಗುವೂ ತಾನಾಗಿ ಅವರೊಡನೆ ಸಂಪರ್ಕಕ್ಕೆ ಬರುವುದು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯವರಿಗಾಗಿ ಒಂಬತ್ತು ಸಾಮೂಹಿಕ ಪಾಠಗಳೂ ಮೂರು ಮನೆಭೇಟಿಗಳೂ ಉಳ್ಳ ಶಿಕ್ಷಣಕ್ರಮವೊಂದನ್ನು ರೂಪಿಸಿದೆ. ಬೆಂಗಳೂರಿನಲ್ಲಿಯೇ ಡಾಕ್ಟರ್ ಪ್ರತಿಭಾ ಕಾರಂತರು ೨೦೦೦ದಲ್ಲಿ ಆರಂಭಿಸಿದ ಕಾಮ್ ಡೀಲ್ ಎಂಬ ಕ್ರಮವು ಎಳೆಯ ಮಕ್ಕಳಿಗೆ ಶಾಲೆಗೆ ಸೇರುವ ಮುನ್ನವೇ ಮಾತು, ಚಲನೆ, ಬೆರೆಯುವಿಕೆಗಳನ್ನು ಅಭ್ಯಾಸ ಮಾಡಿಸುತ್ತದೆ. ವಿದ್ಯೆ ನಮ್ಮಲ್ಲಿಯೇ ಇದೆ. ಅದು ರಾಜಧಾನಿಯಿಂದ ಹೊರಗೆ ಹರಿಯಬೇಕಾಗಿದೆ.

ಹರಿಯಲು ಕಾಲುವೆಯೂ ಸಿದ್ಧವಾಗಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕುಗಳಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ನೇಮಕವಾಗಿದ್ದಾರೆ. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಕಚೇರಿಗಳ ಕಷ್ಟವನ್ನು ಉಂಡವರು. ಹಳ್ಳಿಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಮಗು ಮಾತು ಕಲಿಯುವ ವಯಸ್ಸಿನಲ್ಲಿ ಅದನ್ನು ದಿನವೂ ಕಾಣುವವರು ಅವರೇ. ಹೊಸದಾಗಿ ಭವ್ಯ ಕಟ್ಟಡವನ್ನು ಕಟ್ಟುವುದಕ್ಕಿಂತ ಈ ಜನರಿಗೆ ತರಬೇತಿಯನ್ನೂ ತಕ್ಕ ಸಂಬಳವನ್ನೂ ಕೊಡುವುದು ಮೇಲೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಆದುದರಿಂದ ಸರ್ಕಾರದವರ ಮುಂದೆ ನಾವು ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಪ್ರತಿ ತಾಲ್ಲೂಕಿನ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಗೊತ್ತಾದ ದಿನ ಪರಿಣತರು ಬಂದು ಕುಳಿತು, ಗುರುತಿಸುವಿಕೆ, ಪ್ರಮಾಣಪತ್ರ, ವಿಮೆ, ಮಾಸಾಶನಗಳ ಕೆಲಸವೆಲ್ಲ ಒಂದೇ ಸ್ಥಳದಲ್ಲಿ ಮುಗಿಯುವಂತಾಗಬೇಕು. ಎರಡನೆಯದಾಗಿ, ಪುನರ್ವಸತಿ ಕಾರ್ಯಕರ್ತರಿಗೂ ಅಂಗನವಾಡಿಯವರಿಗೂ ನಿಮ್ಹಾನ್ಸ್ ಮತ್ತು ವಾಕ್ ಶ್ರವಣ ಸಂಸ್ಥೆಗಳ ಮೂಲಕ ಕನ್ನಡದಲ್ಲಿ ತರಬೇತಿ ನಡೆಯಬೇಕು. ತಂದೆತಾಯಿಗಳ ಕೈಯಲ್ಲಿಡತಕ್ಕ ತಿಳಿಗನ್ನಡದ ಕೈಪಿಡಿಯೂ ಜೊತೆಗೆ ಬೇಕು. ಮೂರನೆಯದಾಗಿ, ಸುಪ್ರೀಂ ಕೋರ್ಟು ೨೦೨೧ರಲ್ಲಿ ಹೇಳಿದಂತೆ ಪ್ರಾಥಮಿಕ ತರಗತಿಗಳಲ್ಲಿ ಇಂತಹ ಹತ್ತು ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರ ನೇಮಕವಾಗಬೇಕು. ಶಿಕ್ಷಕರಿಲ್ಲದ ಶಾಲೆಗೆ ಮಗುವನ್ನು ಸೇರಿಸಿಕೊಂಡು ಹಾಜರಿ ಹಾಕುವುದು ಹಕ್ಕನ್ನು ಸಲ್ಲಿಸಿದಂತಾಗದು.

ಇನ್ನೊಂದು ಚಿಂತೆಯಿದೆ. ಇಂತಹ ಮನೆಗಳಲ್ಲಿ ಅದನ್ನು ಬಾಯಿಬಿಟ್ಟು ಆಡುವವರು ಕಡಿಮೆ. ಆದರೆ ರಾತ್ರಿ ನಿದ್ದೆ ಕೆಡಿಸುವುದು ಅದೇ. ನಮ್ಮ ತರುವಾಯ ಈ ಮಗುವಿಗೆ ಯಾರು ದಿಕ್ಕು? ೧೯೯೯ರ ಕಾನೂನು ಇದಕ್ಕೂ ದಾರಿ ತೋರಿಸಿದೆ. ಮಗ ಮಗಳು ಹದಿನೆಂಟು ದಾಟಿದ ಮೇಲೂ ಅಗತ್ಯವಿದ್ದರೆ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಡುವಂತೆ, ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ತಂದೆತಾಯಿಗಳು ಅರ್ಜಿ ಕೊಡಬಹುದು. ಅರ್ಜಿಗಳು ವರ್ಷಗಟ್ಟಲೆ ಕಾದು ಕುಳಿತರೆ ಕಾನೂನಿನ ಉದ್ದೇಶವೇ ಕೆಡುತ್ತದೆ. ಸಮಿತಿಯು ಗೊತ್ತಾದ ದಿನಗಳಲ್ಲಿ ತಪ್ಪದೆ ಸೇರಬೇಕು. ಪೋಷಕತ್ವದ ಆಚೆಗೆ ವಾಸಕ್ಕೆ ಮನೆ, ಕೈಗೆ ಕೆಲಸ, ಕಾಲಕಾಲಕ್ಕೆ ವಿಚಾರಿಸಿಕೊಳ್ಳುವ ಜನ ಇವೂ ಬೇಕು. ಊರಿನ ಧನಿಕರೂ ಮಠಗಳೂ ಅನ್ನದಾನ ವಿದ್ಯಾದಾನಗಳಲ್ಲಿ ತೋರಿರುವ ಔದಾರ್ಯವನ್ನು ಇತ್ತ ತಿರುಗಿಸಿದರೆ, ಜಿಲ್ಲೆಗೊಂದೆರಡು ಇಂತಹ ಮನೆಗಳು ಏಳುವುದು ಕಷ್ಟವಲ್ಲ.

ನಾಗರಿಕರಾದ ನಮ್ಮ ಪಾಲಿನ ಕೆಲಸಕ್ಕೆ ಹಣವೂ ಬೇಕಿಲ್ಲ. ಮದುವೆಯ ಮನೆಯಲ್ಲಿ ಸ್ವಲೀನ ಮಗು ಕಿವಿ ಮುಚ್ಚಿಕೊಂಡು ಕೂಗಿದರೆ ತಾಯಿಯತ್ತ ಕೆಂಗಣ್ಣು ಬೀರದಿರುವುದು. ಮಗುವನ್ನು ಶಾಲೆಯಿಂದ ಬಿಡಿಸಿರೆಂದು ಮುಖ್ಯೋಪಾಧ್ಯಾಯರ ಬಳಿಗೆ ಹೋಗದಿರುವುದು. ಅಂತಹ ಮನೆಯವರನ್ನು ಹಬ್ಬಕ್ಕೆ ಕರೆಯಲು ಹಿಂಜರಿಯದಿರುವುದು. ಇಷ್ಟಾದರೆ ಅವರ ಅರ್ಧ ಭಾರ ಇಳಿಯುವುದು. ಮಾತು ಬಲ್ಲ ಸ್ವಲೀನ ವಯಸ್ಕರು ಇಂದು ತಮ್ಮ ಅನುಭವವನ್ನು ತಾವೇ ಹೇಳುತ್ತಿದ್ದಾರೆ; ಮಾತಿಲ್ಲದವರಲ್ಲಿಯೂ ಕೆಲವರು ಅಕ್ಷರಫಲಕದ ಮೂಲಕ ತಮ್ಮ ಮನಸ್ಸನ್ನು ತಿಳಿಸುತ್ತಿದ್ದಾರೆ. ಅವರಿಗಾಗಿ ಮಾಡುವ ಯಾವ ಯೋಜನೆಯಲ್ಲಿಯೂ ಅವರ ಮಾತಿಗೆ ಮೊದಲ ಸ್ಥಾನ ಸಲ್ಲಬೇಕು.

ನಮ್ಮ ಸಂವಿಧಾನದ ೪೧ನೆಯ ವಿಧಿಯು ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ಪ್ರಜೆಗೆ ಸಹಾಯ ಕೊಡುವಂತೆ, ತನ್ನ ಶಕ್ತಿಯ ಮಿತಿಯೊಳಗೆ ವ್ಯವಸ್ಥೆ ಮಾಡಬೇಕೆಂದು ರಾಜ್ಯಕ್ಕೆ ನಿರ್ದೇಶ ಕೊಟ್ಟಿದೆ. ನಾವು ಸೂಚಿಸಿರುವ ಕೆಲಸಗಳಲ್ಲಿ ಯಾವುದೂ ಈ ರಾಜ್ಯದ ಶಕ್ತಿಯನ್ನು ಮೀರಿದುದಲ್ಲ. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ತಾಲ್ಲೂಕಿನ ಒಂದು ದಿನದ ಏರ್ಪಾಟನ್ನು ಹೊಸ ಕಾನೂನಿಲ್ಲದೆಯೇ ಆರಂಭಿಸಬಹುದು. ಹಾಗೆ ಮೊದಲು ಮಾಡುವ ಜಿಲ್ಲೆ ಯಾವುದೆಂದು ತಿಳಿಯಲು ನಾವು ಕುತೂಹಲದಿಂದಿದ್ದೇವೆ.